ಕೊಯ್ದಿಟ್ಟ ಸಿಹಿಗುಂಬಳ ಕೊಳೆಯುತ್ತಿದೆಯೇ? ಕೊಳೆ ಶುರುವಾದ ಜಾಗ ನೋಡಿ ಕಾರಣ ಹಿಡಿಯುವ ಬಗೆ

ಚೆನ್ನಾಗಿ ಬಲಿತ ಸಿಹಿಗುಂಬಳವನ್ನು ತೊಟ್ಟು ಸಮೇತ ಕೊಯ್ದು ಗಾಳಿಯಾಡುವ ಕಡೆ ಇಟ್ಟರೆ ನಮ್ಮ ಹವೆಯಲ್ಲಿ ಎರಡು-ಮೂರು ತಿಂಗಳು ಆರಾಮಾಗಿ ನಿಲ್ಲುತ್ತದೆ. ಕೋಣೆ ತಂಪಾಗಿಯೂ ಒಣಗಿಯೂ ಇದ್ದರೆ ಇನ್ನೂ ಹೆಚ್ಚು. ಮೂರೇ ವಾರಕ್ಕೆ ಮೆತ್ತಗಾಗಿ ನೀರು ಬಿಡತೊಡಗಿದೆ ಎಂದರೆ ಎಲ್ಲೋ ಎಡವಟ್ಟಾಗಿದೆ. ಆ ಎಡವಟ್ಟು ಹೆಚ್ಚಿನ ಸಲ ಅಟ್ಟದಲ್ಲಿ ಆದದ್ದಲ್ಲ. ಕೊಯ್ಯುವಾಗ ಆದದ್ದು, ಇಲ್ಲವೇ ಅದಕ್ಕೂ ಮೊದಲು ಬಳ್ಳಿಯಲ್ಲಿದ್ದಾಗಲೇ ಆದದ್ದು. ಕಣ್ಣಿಗೆ ಬೀಳುವುದು ಮಾತ್ರ ಅಟ್ಟದಲ್ಲಿ.

ಆದ್ದರಿಂದ ಕೊಳೆತ ಕಾಯಿಯನ್ನು ತಿಪ್ಪೆಗೆ ಎಸೆಯುವ ಮೊದಲು ಐದು ನಿಮಿಷ ಅದರ ಜೊತೆ ಕಳೆಯಬೇಕು. ಅದೇ ದಿನ ಅದೇ ಪಾತಿಯಿಂದ ಕೊಯ್ದ ಉಳಿದ ಕಾಯಿಗಳಲ್ಲಿ ಯಾವುದನ್ನು ಈ ವಾರವೇ ಸಾಂಬಾರಿಗೆ ಹಾಕಬೇಕು, ಯಾವುದನ್ನು ನಿಶ್ಚಿಂತೆಯಿಂದ ಇಡಬಹುದು ಎಂಬುದು ಅಲ್ಲಿಂದಲೇ ಗೊತ್ತಾಗುತ್ತದೆ.

ಮೊದಲು ಕೊಳೆತದ್ದನ್ನು ಸೀಳಿ ನೋಡಿ

ಅಂಗಳದಲ್ಲಿ ಹಳೇ ಪೇಪರ್ ಹಾಸಿ, ಅಡುಗೆಮನೆಯದಲ್ಲದ ಕತ್ತಿಯಿಂದ ತೊಟ್ಟಿನ ಪಕ್ಕದಿಂದ ಬುಡದವರೆಗೆ ಸೀಳಿ. ಮೂರು ಸಂಗತಿ ನೋಡಬೇಕು.

ಒಂದು, ಕೊಳೆ ಯಾವ ಕಡೆ ಹೆಚ್ಚು ಆಳಕ್ಕೆ ಇಳಿದಿದೆ: ತೊಟ್ಟಿನ ಕಡೆಯೋ, ನೆಲಕ್ಕೆ ತಾಗಿದ್ದ ಮಗ್ಗುಲೋ, ಹೊಟ್ಟೆಯ ಮೇಲಿನ ಕಲೆಯೋ, ಅಥವಾ ಒಳಗಿನ ಪೊಳ್ಳಿನಿಂದ ಹೊರಕ್ಕೆ ಬಂದಿದೆಯೋ. ಅತಿ ಆಳವಾದ ಕಡೆಯೇ ಹೆಚ್ಚಾಗಿ ಶುರುವಾದ ಜಾಗ.

ಎರಡು, ಬೀಜ. ಬಲಿತ ಕಾಯಿಯ ಬೀಜ ಉಬ್ಬಿಕೊಂಡು, ಗಟ್ಟಿ ಸಿಪ್ಪೆಯಾಗಿ, ನಾರಿನಿಂದ ಸುಲಭವಾಗಿ ಬಿಡಿಸಿಕೊಳ್ಳುತ್ತದೆ. ಬೀಜ ಚಪ್ಪಟೆಯಾಗಿ, ಒತ್ತಿದರೆ ಬಾಗುವಂತಿದ್ದು, ತಿರುಳು ಮಾಸಲು ಹಳದಿಯಾಗಿದ್ದರೆ ಕಾಯಿ ಎಳೆಯದಾಗಿದ್ದಾಗಲೇ ಕೊಯ್ದಿದ್ದೀರಿ. ಮುಂದೆ ಬೇರೆ ಕಾರಣ ಹುಡುಕುವ ಅಗತ್ಯವೇ ಬೀಳದಿರಬಹುದು.

ಮೂರು, ಕೊಳೆ ಒಣವೋ ಒದ್ದೆಯೋ. ಗಟ್ಟಿಯಾಗಿ, ಕಪ್ಪಾಗಿ, ಸಿಪ್ಪೆಯ ಆಳಕ್ಕಷ್ಟೇ ನಿಂತಿದ್ದರೆ ಅದು ನಿಧಾನದ ರೋಗ. ಗಂಜಿಯಂತೆ ಕರಗಿ ಹುಳಿ ವಾಸನೆ ಬರುತ್ತಿದ್ದರೆ ಪಕ್ಕದ ಕಾಯಿಗೆ ಆ ನೀರು ತಾಗಿದೆಯೇ ಎಂದು ತಕ್ಷಣ ನೋಡಿ. ತಾಗಿದ್ದರೆ ಒರೆಸಿ, ಒಣಗಿಸಿ, ಅದನ್ನು ಬೇರೆ ಕಡೆ ಇಟ್ಟು ಮೊದಲು ಬಳಸಿ.

ತೊಟ್ಟಿನ ಬುಡದಿಂದ ಕೊಳೆತಿದ್ದರೆ

ಎಲ್ಲಕ್ಕಿಂತ ಹೆಚ್ಚು ಕಾಣುವ ದೋಷ ಇದು. ತೊಟ್ಟಿನ ಸುತ್ತ ಹೆಬ್ಬೆರಳಿನಿಂದ ಒತ್ತಿದರೆ ಒಳಕ್ಕೆ ಹೋಗುತ್ತದೆ, ಕೆಲವೊಮ್ಮೆ ತೊಟ್ಟು ಕೈಗೇ ಬರುತ್ತದೆ, ಕಿತ್ತ ಜಾಗದಲ್ಲಿ ಬಿಳಿ ಅಥವಾ ಬೂದು ಬೂಷ್ಟು.

ಕಾರಣ ಹೆಚ್ಚಾಗಿ ಕೊಯ್ದ ರೀತಿ. ಕಾಯಿಯನ್ನು ತಿರುಚಿ ಕಿತ್ತರೆ ತೊಟ್ಟು ಸೇರುವ ಜಾಗದಲ್ಲಿ ಕಣ್ಣಿಗೆ ಕಾಣದ ಸೀಳು ಬೀಳುತ್ತದೆ. ತೊಟ್ಟನ್ನೇ ಹಿಡಿಕೆ ಮಾಡಿಕೊಂಡು ಹೊತ್ತು ತಂದರೂ ಅದೇ ಆಗುತ್ತದೆ: ನಾಲ್ಕು ಕಿಲೋ ಭಾರ ಆ ಒಂದು ಜಾಗದಲ್ಲಿ ಜಗ್ಗುತ್ತದೆ. ಆ ಸೀಳು ಸಾಕು, ಬೂಷ್ಟು ಒಳಗೆ ಇಳಿಯಲು. ಚೂಪಾದ ಕತ್ತಿ ಅಥವಾ ಗಿಡ ಕತ್ತರಿಸುವ ಕತ್ತರಿಯಿಂದ, ಕಾಯಿಯ ಮೇಲೆ ನಾಲ್ಕು ಬೆರಳು ಅಗಲದಷ್ಟು ತೊಟ್ಟು ಉಳಿಸಿ, ಒಂದೇ ಏಟಿಗೆ ಕತ್ತರಿಸಬೇಕು. ಬಳ್ಳಿಯಲ್ಲಿ ರೋಗ ಇದ್ದರೆ ಕಾಯಿಂದ ಕಾಯಿಗೆ ಹೋಗುವಾಗ ಅಲಗನ್ನು ಸ್ಪಿರಿಟ್ಟಿನಲ್ಲಿ ಒರೆಸಿಕೊಳ್ಳಿ. ಹೊರುವಾಗ ಎರಡೂ ಕೈ ಕಾಯಿಯ ಅಡಿಗೆ.

ಎರಡನೆಯ ಕಾರಣ ಹೊತ್ತು. ಬೆಳಗಿನ ಇಬ್ಬನಿ ಆರುವ ಮೊದಲು, ಅಥವಾ ಮಳೆ ಬಿಟ್ಟ ಮರುಗಳಿಗೆಯಲ್ಲಿ ಕೊಯ್ದರೆ ಕತ್ತರಿಸಿದ ತುದಿ ಒದ್ದೆಯಾಗಿಯೇ ಉಳಿಯುತ್ತದೆ. ಬಿಸಿಲು ಬಂದು ಎಲೆ ಒಣಗಿದ ಮೇಲೆ, ಹತ್ತು ಗಂಟೆಯ ನಂತರ ಕೊಯ್ಯಿರಿ. ಕೊಯ್ಲಿಗೆ ವಾರ-ಹತ್ತು ದಿನ ಮೊದಲೇ ನೀರು ನಿಲ್ಲಿಸಿರಬೇಕು. ಕೊನೆಯ ಹಂತದಲ್ಲಿ ಯೂರಿಯಾ, ಗೋಮೂತ್ರ, ಸಗಣಿನೀರು ಎಂದು ಸಾರಜನಕ ಸುರಿದರೆ ಕಾಯಿ ದಪ್ಪವಾಗುತ್ತದೆ, ಸಿಪ್ಪೆ ತೆಳುವಾಗಿ ಉಳಿಯುತ್ತದೆ. ಇಡುವ ಉದ್ದೇಶವಿದ್ದರೆ ಆ ಆಸೆ ಬಿಡಬೇಕು.

ಮೂರನೆಯದು ಬಲಿಯದಿರುವುದು. ಇಲ್ಲಿ ತಳಿ ಗೊತ್ತಿಲ್ಲದೆ ಮೋಸ ಹೋಗುವವರೇ ಹೆಚ್ಚು. ‘ತೊಟ್ಟು ಒಣಗಿ ಬೆಂಡಿನಂತಾದಾಗ ಕೊಯ್ಯಿರಿ’ ಎಂಬ ಮಾತು ದುಂಡಗಿನ, ಮೆತ್ತನೆ ತೊಟ್ಟಿನ ಜಾತಿಗೆ ಸರಿ. ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ಅರ್ಕ ಸೂರ್ಯಮುಖಿ ಈ ಜಾತಿಯದು: ಕಿಲೋ ಆಸುಪಾಸಿನ ಚಿಕ್ಕ ಕಾಯಿ, ಕಿತ್ತಳೆ ಮೈಗೆ ಕೆನೆಬಣ್ಣದ ಗೆರೆ. ನಮ್ಮ ಹಿತ್ತಲಲ್ಲಿ ಸಾಮಾನ್ಯವಾಗಿ ಹಬ್ಬುವ ನಾಟಿ ಸಿಹಿಗುಂಬಳ ಬೇರೆ ಜಾತಿ. ಅದರ ತೊಟ್ಟು ಐದು ಏಣಿನದು, ಗಟ್ಟಿ, ಕಾಯಿಗೆ ಸೇರುವಲ್ಲಿ ಪಾದದಂತೆ ಅಗಲ. ಅದು ಬೆಂಡಾಗಲಿ ಎಂದು ಕಾದರೆ ಕಾಯುತ್ತಲೇ ಇರಬೇಕು. ಅಲ್ಲಿ ನೋಡಬೇಕಾದ್ದು ಮೈಬಣ್ಣ: ಹಸಿರು ಹೋಗಿ ತಿಳಿ ಕಂದು ಅಥವಾ ಗೋಧಿಬಣ್ಣ ಬರಬೇಕು, ಹೊಳಪು ಆರಿ ಮೇಲೊಂದು ಮಾಸಲು ಪೊರೆ ಕೂರಬೇಕು. ಅದೇ ಸಂಸ್ಥೆಯ ಅರ್ಕ ಚಂದನ್ ಈ ಗುಂಪಿನದು, ಎರಡು-ಮೂರು ಕಿಲೋ ತೂಗುವ ಕಾಯಿ, ಬಲಿತಾಗ ತಿಳಿ ಕಂದು.

ಎರಡೂ ಜಾತಿಗೆ ಹೊಂದುವ ಪರೀಕ್ಷೆ ಉಗುರಿನದು. ಹೆಬ್ಬೆರಳಿನ ಉಗುರನ್ನು ಸಿಪ್ಪೆಗೆ ನೇರವಾಗಿ ಒತ್ತಿ, ಗೀರಬೇಡಿ. ಉಗುರು ಇಳಿಯದಿದ್ದರೆ ಬಲಿತಿದೆ. ಗುರುತು ಬಿದ್ದು ರಸ ಜಿನುಗಿದರೆ ಇನ್ನೂ ಎಳೆಯದು, ಮತ್ತು ಆ ಗುರುತೇ ಈಗ ಒಂದು ಗಾಯ. ದಿನದ ಲೆಕ್ಕ ಇಡುವವರು ಕಾಯಿ ಕಟ್ಟಿದ ದಿನ ಪಕ್ಕದ ಗೆಣ್ಣಿಗೆ ಒಂದು ದಾರ ಕಟ್ಟಿಟ್ಟರೆ ಸಾಕು. ಅಲ್ಲಿಂದ ಸುಮಾರು 45ರಿಂದ 60 ದಿನ.

ಎಲೆಗೆ ಬೂದಿರೋಗ ಬಂದು ಬಳ್ಳಿ ಅಕಾಲದಲ್ಲಿ ಒಣಗಿದ್ದರೆ ಕಾಯಿ ಎಷ್ಟು ದಿನ ಅಲ್ಲೇ ಬಿದ್ದಿದ್ದರೂ ಬಲಿಯುವುದಿಲ್ಲ. ಅಂಥದ್ದನ್ನು ಕೊಯ್ದು ಹುಳಿ, ಪಲ್ಯಕ್ಕೆ ಬೇಗ ಮುಗಿಸಿ. ಹೊತ್ತು ತರುವಾಗ ತೊಟ್ಟು ಕಳಚಿದ ಕಾಯಿಯೂ ಅಷ್ಟೇ. ಆ ಗುಳಿ ಒಣಗುವವರೆಗೆ ಗಾಳಿಗಿಟ್ಟು ಎರಡು-ಮೂರು ವಾರದಲ್ಲಿ ಬಳಸಿ. ಮೇಣ, ಎಣ್ಣೆ, ಸುಣ್ಣ ಮೆತ್ತಿ ಮುಚ್ಚಿದರೆ ಒಳಗಿನ ತೇವ ಅಲ್ಲೇ ಸಿಕ್ಕಿಕೊಳ್ಳುತ್ತದೆ.

ನೆರಳಲ್ಲಿ ಆರಿಸದೆ ಇಟ್ಟ ಕಾಯಿ

ಮೇಲಿನ ಯಾವುದೂ ಆಗಿಲ್ಲ, ಕೊಯ್ದದ್ದು ಸರಿ, ಬಲಿತದ್ದೂ ಸರಿ, ಆದರೂ ತೊಟ್ಟು ಅಥವಾ ಗೀರಿನಿಂದ ಕೊಳೆ ಬಂತು ಎಂದರೆ ಆರಿಸುವ ಹಂತ ತಪ್ಪಿಹೋಗಿದೆ. ಕೊಯ್ದ ದಿನವೇ ಅಟ್ಟಕ್ಕೆ ಏರಿಸಬಾರದು. ಏಳರಿಂದ ಹತ್ತು ದಿನ 25ರಿಂದ 30 ಡಿಗ್ರಿ ಸೆಲ್ಸಿಯಸ್‌ನ ಬೆಚ್ಚನೆ ನೆರಳಲ್ಲಿ, ಗಾಳಿ ಓಡಾಡುವ ಜಗಲಿಯಲ್ಲಿ, ಒಂದಕ್ಕೊಂದು ತಾಗದಂತೆ ಇಡಬೇಕು. ಈ ಅವಧಿಯಲ್ಲಿ ಸಿಪ್ಪೆ ಗಟ್ಟಿಯಾಗುತ್ತದೆ, ಸಣ್ಣ ಗೀರುಗಳ ಮೇಲೆ ಬೆಂಡಿನಂಥ ಪದರ ಕಟ್ಟುತ್ತದೆ, ತೊಟ್ಟಿನ ತುದಿ ಒಣಗುತ್ತದೆ. ಗೀರಿನ ಮೇಲೆ ಬೆರಳಾಡಿಸಿದರೆ ಒರಟಾಗಿ, ಒಣಗಿ ಹತ್ತಬೇಕು. ಅಂಟಿದರೆ ಇನ್ನೂ ಆರಿಲ್ಲ.

ಏಪ್ರಿಲ್-ಮೇ ಕೊಯ್ಲಿನಲ್ಲಿ ‘ಬಿಸಿಲಿಗೆ ಬೇಗ ಒಣಗಲಿ’ ಎಂದು ತಾರಸಿಯ ಮೇಲೆ ಹಾಕುವವರಿದ್ದಾರೆ. ಕಾದ ಸಿಮೆಂಟಿನ ಮೇಲೆ ಸಿಪ್ಪೆ ಬೆಂದು ಬಿಳಿಚಿಕೊಂಡ ತೇಪೆ ಬೀಳುತ್ತದೆ, ಕೊಳೆ ಅಲ್ಲಿಂದಲೇ ಬರುತ್ತದೆ. ನೆರಳೇ ಸಾಕು. ಮಳೆಗಾಲದ ಕೊಯ್ಲಾದರೆ ಜಗಲಿಯ ಗಾಳಿಯೇ ಒದ್ದೆಯಾಗಿರುತ್ತದೆ. ಒಳಗೆ ಮಣೆಯ ಮೇಲಿಟ್ಟು ಟೇಬಲ್ ಫ್ಯಾನ್ ಕಡಿಮೆ ವೇಗದಲ್ಲಿ ಬಿಡಿ, ಅಥವಾ ಸೌದೆ ಒಲೆ ಉರಿಯುವ ಅಡುಗೆಮನೆಯಲ್ಲಿ ಒಲೆಯಿಂದ ಮಾರು ದೂರ ಇಡಿ.

ಆರಿಸುವ ಮೊದಲು ಮಣ್ಣನ್ನು ಒಣ ಬಟ್ಟೆಯಿಂದ ಒರೆಸಿದರೆ ಸಾಕು. ಕೆಸರು ಅಂಟಿದ್ದರೆ ಮಾತ್ರ ತೊಳೆಯಿರಿ, ಅದೇ ದಿನ ಪೂರ್ತಿ ಒಣಗಿಸಿ. ರೋಗ ಕಂಡ ಪಾತಿಯ ಕಾಯಿಯಾದರೆ 1 ಪಾಲು ಮನೆಬಳಕೆಯ ಬ್ಲೀಚ್ ದ್ರವಕ್ಕೆ 9 ಪಾಲು ನೀರು ಬೆರೆಸಿ, ಕೈಗವಸು ಹಾಕಿಕೊಂಡು, ಬಟ್ಟೆ ಅದ್ದಿ ಹಿಂಡಿ ಮೈ ಒರೆಸಿ, ಆಮೇಲೆ ಒಣಗಿಸಬಹುದು. ಇದು ಮೇಲಿನ ಬೂಷ್ಟಿನ ಬೀಜ ಕೊಲ್ಲುತ್ತದೆ, ಒಳಗೆ ಇಳಿದ ರೋಗಕ್ಕೆ ಏನೂ ಮಾಡುವುದಿಲ್ಲ. ಬೂದುಗುಂಬಳಕ್ಕೆ ಇದಾವುದೂ ಬೇಡ. ಅದರ ಬೂದಿಯೇ ಅದರ ರಕ್ಷಣೆಯ ಮೇಣ. ಒರೆಸಿದಷ್ಟೂ ಆಯುಸ್ಸು ಕಡಿಮೆ.

ನೆಲಕ್ಕೆ ತಾಗಿದ ಮಗ್ಗುಲಿಂದ ಕೊಳೆತಿದ್ದರೆ

ನೆಲದ ಮೇಲೆ ಮಲಗಿ ಬೆಳೆದ ಕಾಯಿಗೆ ಅಡಿಯಲ್ಲಿ ಹಳದಿ ಮಚ್ಚೆ ಇರುವುದು ಸಹಜ, ಅದು ರೋಗವಲ್ಲ. ಆ ಮಚ್ಚೆ ನೀರು ತುಂಬಿದಂತೆ ಕಂಡರೆ ಅನುಮಾನಿಸಿ.

ಬಿಳಿ ನೂಲಿನಂಥ ಬೂಷ್ಟು ಬೀಸಣಿಗೆಯಾಗಿ ಹರಡಿ, ಅದರ ಮಧ್ಯೆ ಸಾಸಿವೆ ಗಾತ್ರದ ಕಂದು ಗುಂಡುಗಳಿದ್ದರೆ ಅದು ಸ್ಕ್ಲೆರೋಶಿಯಂ ಶಿಲೀಂಧ್ರ. ಆ ಗುಂಡುಗಳು ಮಣ್ಣಿನಲ್ಲಿ ವರ್ಷಗಟ್ಟಲೆ ಬದುಕುತ್ತವೆ. ಕಾಯಿಯನ್ನು ಕಾಂಪೋಸ್ಟ್ ಗುಂಡಿಗೆ ಹಾಕಿದರೆ ಮುಂದಿನ ಬೆಳೆಗೆ ನೀವೇ ಬಿತ್ತಿದಂತೆ. ಸುಡಿ, ಅಥವಾ ತೋಟದಿಂದ ದೂರ ಆಳಕ್ಕೆ ಹೂಳಿ. ಹಿಟ್ಟು ಉದುರಿಸಿದಂಥ ಬಿಳಿ ಪುಡಿ, ಅದರ ಕೆಳಗೆ ಬೆರಳಿಟ್ಟರೆ ಕುಸಿಯುವ ಸಿಪ್ಪೆ ಇದ್ದರೆ ಫೈಟಾಫ್ತೊರಾ. ಹತ್ತಿಯಂತೆ ದಟ್ಟವಾದ ಬೂಷ್ಟು, ಸೋರುವ ನೀರು ಇದ್ದರೆ ಪಿಥಿಯಂ. ಎರಡೂ ನೀರು ನಿಂತ ಪಾತಿಯ ರೋಗಗಳು. ಕೊಯ್ಯುವಾಗ ಚೆನ್ನಾಗಿಯೇ ಕಾಣುವ ಕಾಯಿಯಲ್ಲೂ ವಾರದೊಳಗೆ ಎದ್ದೇಳುತ್ತವೆ. ಅದೇ ತಗ್ಗಿನಲ್ಲಿ ಬಿದ್ದಿದ್ದ ಕಾಯಿಗಳನ್ನು ಅಟ್ಟಕ್ಕೆ ಏರಿಸಲೇಬೇಡಿ, ಕಣ್ಣೆದುರು ಇಟ್ಟುಕೊಂಡು ಮೊದಲು ತಿನ್ನಿ.

ಮುಂದಿನ ಬೆಳೆಗೆ ಪರಿಹಾರ ಸುಲಭ. ಕಾಯಿ ಮುಷ್ಟಿ ಗಾತ್ರ ದಾಟಿದ ಕೂಡಲೇ ಅಡಿಗೆ ಒಂದು ಹಳೇ ಹೆಂಚು ಓರೆಯಾಗಿ, ಅಥವಾ ತೆಂಗಿನ ಮಡಲಿನ ಎರಡು ತುಂಡು ಕೊಡಿ. ಅಡಕೆ ಹಾಳೆಯನ್ನು ಅಂಗಾತ ಇಟ್ಟರೆ ಅದರಲ್ಲೇ ನೀರು ನಿಲ್ಲುತ್ತದೆ, ಬೋರಲು ಹಾಕಿ. ಹುಲ್ಲು ಬೇಸಿಗೆಯಲ್ಲಿ ಒಳ್ಳೆಯದು, ಮಳೆಯಲ್ಲಿ ಒದ್ದೆ ಹಿಡಿದಿಡುತ್ತದೆ. ಬಳ್ಳಿಯಲ್ಲಿರುವ ಕಾಯಿಯನ್ನು ಆಗಾಗ ಹೊರಳಿಸುವ ಅಭ್ಯಾಸ ಬೇಡ: ತೊಟ್ಟು ಉಳುಕುತ್ತದೆ, ಬೆಳಕು ಕಾಣದ ಮಗ್ಗುಲು ಬಿಸಿಲಿಗೆ ಸುಡುತ್ತದೆ.

ಹೊಟ್ಟೆಯ ಮೇಲೆ ಕಲೆ, ಗುಳಿ

ದುಂಡಗೆ ತಗ್ಗಾದ ಕಲೆ, ತೇವ ಇರುವಾಗ ಅದರ ನಡುವೆ ಗುಲಾಬಿ ಛಾಯೆಯ ಅಂಟು ಇದ್ದರೆ ಚಿಬ್ಬುರೋಗ. ಕಪ್ಪು ತೇಪೆ, ಅದರಲ್ಲಿ ಸೂಜಿಮೊನೆಯಷ್ಟು ಕರಿ ಚುಕ್ಕೆಗಳಿದ್ದರೆ ಕಪ್ಪು ಕೊಳೆರೋಗ. ಬಳ್ಳಿಯ ಕಾಂಡದಲ್ಲಿ ಅಂಟು ಸುರಿದಿದ್ದರೆ ಇದೇ ಎಂದು ಬಹುಮಟ್ಟಿಗೆ ಹೇಳಬಹುದು. ಎರಡಕ್ಕೂ ಕೊಯ್ದ ಮೇಲೆ ಮದ್ದಿಲ್ಲ. ಕಲೆ ಗಟ್ಟಿಯಾಗಿ ಒಣಗಿದ್ದರೆ ಸುತ್ತಲೂ ಆಳಕ್ಕೂ ಕನಿಷ್ಠ ಒಂದು ಇಂಚು ಒಳ್ಳೆಯ ಭಾಗ ಸೇರಿಸಿ ಕತ್ತರಿಸಿ ತೆಗೆದು, ಉಳಿದದ್ದನ್ನು ಅಂದೇ ಬೇಯಿಸಿ. ಒದ್ದೆಯಾಗಿದ್ದರೆ ಅಥವಾ ಬೀಜದ ಪೊಳ್ಳಿನಲ್ಲೂ ಬೂಷ್ಟು ಕಂಡರೆ ಇಡೀ ಕಾಯಿ ಬಿಡಿ.

ಮೈತುಂಬ ಸಣ್ಣ ಸಣ್ಣ ಗುಳಿ ಬಿದ್ದು, ಅವು ಕಪ್ಪಾಗುತ್ತಿದ್ದರೆ ‘ಫ್ರಿಜ್ಜಿನಲ್ಲಿ ಇಟ್ಟಿದ್ದಿರಾ’ ಎಂದು ಕೇಳಬೇಕು. ಇಡೀ ಸಿಹಿಗುಂಬಳಕ್ಕೆ 10 ಡಿಗ್ರಿಗಿಂತ ಕೆಳಗಿನ ಚಳಿ ಆಗಿಬರುವುದಿಲ್ಲ. ಹೆಚ್ಚು ದಿನ ಉಳಿಸಲು ಅತ್ಯುತ್ತಮ ಉಷ್ಣತೆ 10ರಿಂದ 13 ಡಿಗ್ರಿ. ಮನೆಯ ಫ್ರಿಜ್ಜು 4-5ರಲ್ಲಿರುತ್ತದೆ. ಒಳಗಿರುವವರೆಗೆ ಏನೂ ಕಾಣದು, ಹೊರಗೆ ತೆಗೆದ ಕೆಲವೇ ದಿನದಲ್ಲಿ ಗುಳಿ, ಬೂಷ್ಟು. ಫ್ರಿಜ್ಜು ಹೆಚ್ಚಿದ ತುಂಡಿಗೆ ಮಾತ್ರ: ಬೀಜ, ನಾರು ಪೂರ್ತಿ ಕೆರೆದು, ಮುಚ್ಚಿದ ಡಬ್ಬದಲ್ಲಿ ನಾಲ್ಕೈದು ದಿನ.

ಹೊರಗೆ ಚೆಂದ, ಒಳಗೆ ಹುಳ

ಕಾಯಿ ಒಳಗಿನಿಂದ ಕರಗಿ, ಕೆನೆಬಣ್ಣದ ಹುಳಗಳು ನೆಗೆಯುತ್ತಿದ್ದರೆ ಅದು ಹಣ್ಣುನೊಣ. ಇಟ್ಟ ಮೇಲೆ ಬಂದದ್ದಲ್ಲ. ನೊಣ ಮೊಟ್ಟೆ ಚುಚ್ಚುವುದು ಸಿಪ್ಪೆ ಮೆತ್ತಗಿರುವ ಎಳೆಗಾಯಿಗೆ. ಮೈಯನ್ನು ಬೆಳಕಿಗೆ ಹಿಡಿದು ಹುಡುಕಿ: ಸೂಜಿ ಚುಚ್ಚಿದಷ್ಟು ರಂಧ್ರ, ಅದರ ಮೇಲೆ ಒಣಗಿದ ಅಂಟಿನ ಹನಿ, ಸುತ್ತ ಸ್ವಲ್ಪ ಸೊಟ್ಟಗೆ ತಗ್ಗಾದ ಮೈ. ಉಳಿದ ಕಾಯಿಗಳಲ್ಲೂ ಈ ಗುರುತು ಹುಡುಕಿ ಬೇರೆ ಮಾಡಿ. ಹುಳ ಬಿದ್ದದ್ದನ್ನು ಹಾಗೇ ಬಿಸಾಡಿದರೆ ಹುಳ ಮಣ್ಣಿಗಿಳಿದು ಮತ್ತೆ ನೊಣವಾಗುತ್ತದೆ. ದಪ್ಪ ಪ್ಲಾಸ್ಟಿಕ್ ಚೀಲದಲ್ಲಿ ಬಿಗಿಯಾಗಿ ಕಟ್ಟಿ ಎರಡು ವಾರ ಬಿಸಿಲಲ್ಲಿಡಿ, ಅಥವಾ ಎರಡು ಅಡಿ ಆಳಕ್ಕೆ ಹೂಳಿ.

ನೊಣ ಹಿಡಿಯುವ ಬಲೆ ಕಟ್ಟುವವರು ಒಂದು ವಿಷಯ ಗಮನಿಸಬೇಕು. ಮಾವಿನ ತೋಟಕ್ಕೆಂದು ಅಂಗಡಿಯಲ್ಲಿ ಸಿಗುವ, ನೊಣ ಸೆಳೆಯುವ ಮೀಥೈಲ್ ಯೂಜಿನಾಲ್ ಬಿಲ್ಲೆಗೆ ಕುಂಬಳದ ನೊಣ ಬರುವುದಿಲ್ಲ, ಇದಕ್ಕೆ ಬೇಕಾದ್ದು ಕ್ಯೂ ಲ್ಯೂರ್ ಎಂಬ ಬೇರೆ ಬಿಲ್ಲೆ. ಬಲೆ ಖಾಲಿ ನೇತಾಡುತ್ತಿದ್ದರೆ ಮೊದಲು ಬಿಲ್ಲೆಯ ಹೆಸರು ಓದಿ. ಕ್ಯೂ ಲ್ಯೂರ್ ಕೂಡ ಗಂಡುನೊಣವನ್ನಷ್ಟೇ ಸೆಳೆಯುತ್ತದೆ. ನಾಲ್ಕಾರು ಬಳ್ಳಿಯ ಹಿತ್ತಲಿಗೆ ಅದಕ್ಕಿಂತ ಖಚಿತವಾದದ್ದು ಚೀಲ: ಕಾಯಿ ಕಟ್ಟಿದ ಎರಡು-ಮೂರು ದಿನಕ್ಕೆ ತೆಳು ಬಟ್ಟೆ ಚೀಲ ಹಾಕಿ, ಸಿಪ್ಪೆ ಗಟ್ಟಿಯಾಗತೊಡಗುವವರೆಗೆ ಬಿಡಿ. ಅರ್ಕ ಸೂರ್ಯಮುಖಿಗೆ ಈ ನೊಣವನ್ನು ತಡೆಯುವ ಗುಣ ಇದೆ. ಪ್ರತಿ ವರ್ಷ ನೊಣದ ಕಾಟ ಇರುವಲ್ಲಿ ಅದನ್ನೇ ಹಾಕುವುದು ಲೇಸು.

ಕೊಳೆತಿಲ್ಲ, ಆದರೆ ಹಗುರ

ಎತ್ತಿದರೆ ಹಗುರ, ಸೀಳಿದರೆ ತಿರುಳು ನಾರುನಾರು, ಬೀಜ ಒಳಗೇ ಮೊಳಕೆ ಒಡೆದಿದೆ. ಇದು ರೋಗವಲ್ಲ, ಬಿಸಿ ಜಾಗದಲ್ಲಿ ಬಹಳ ದಿನ ಇಟ್ಟದ್ದು. ಕಾಯಿ ಕೊಯ್ದ ಮೇಲೂ ಉಸಿರಾಡುತ್ತದೆ. ಹೆಂಚಿನ ಅಥವಾ ಶೀಟಿನ ಮಾಡಿಗೆ ತಾಗಿಕೊಂಡಂತಿರುವ ಅಟ್ಟ ಏಪ್ರಿಲ್‌ನಲ್ಲಿ ಕಾದಾಗ ಆ ಉಸಿರಿನಲ್ಲೇ ತನ್ನ ಪಿಷ್ಟ, ಸಕ್ಕರೆ, ನೀರು ಕಳೆದುಕೊಳ್ಳುತ್ತದೆ. ವಾಸನೆ, ರುಚಿ ಸರಿಯಿದ್ದರೆ ಮೊಳಕೆ, ನಾರು ತೆಗೆದು ತಿರುಳನ್ನು ಬಳಸಬಹುದು. ಮಾಡಿಗೂ ಕಾಯಿಗೂ ನಡುವೆ ಕೈತೂರುವಷ್ಟಾದರೂ ಗಾಳಿ ಇರುವಂತೆ ಕೆಳಗಿಳಿಸಿ. ಕೊಯ್ದ ತಾರೀಕನ್ನು ಕಾಗದದ ಟೇಪಿನ ಮೇಲೆ ಬರೆದು ಅಂಟಿಸಿ. ಮೈಮೇಲೆ ಕತ್ತಿಯ ಮೊನೆಯಿಂದ ಗುರುತು ಹಾಕಿದರೆ ಅದೂ ಗಾಯವೇ.

ಇಟ್ಟ ಜಾಗದ್ದೇ ದೋಷ

ಬೇರೆ ಬೇರೆ ಪಾತಿಯ, ಬೇರೆ ಬೇರೆ ದಿನ ಕೊಯ್ದ ಕಾಯಿಗಳು ಒಟ್ಟೊಟ್ಟಿಗೆ ಕೆಡುತ್ತಿದ್ದರೆ ಮಾತ್ರ ಜಾಗವನ್ನು ದೂರಬೇಕು. ಆಗ ಕಾಯಿಯನ್ನು ಎತ್ತಿ ಅದರ ಅಡಿ ಮುಟ್ಟಿ. ಮಳೆಗಾಲದಲ್ಲಿ ಸಿಮೆಂಟ್, ಗ್ರಾನೈಟ್, ಟೈಲ್ಸ್ ನೆಲ ಬೆವರುತ್ತದೆ. ಕಾಯಿಯ ಅಡಿಯಲ್ಲಿ ನಾಣ್ಯದಷ್ಟು ಒದ್ದೆ ಜಾಗ ದಿನವಿಡೀ ಆರುವುದೇ ಇಲ್ಲ. ಗೋಣಿ ಹಾಸಿದರೆ ಅದೂ ತೇವ ಹೀರಿ ಹಿಡಿದುಕೊಳ್ಳುತ್ತದೆ. ಬಿದಿರಿನ ತಟ್ಟಿ, ಸಂದು ಬಿಟ್ಟ ಮರದ ಪಟ್ಟಿ, ಪ್ಲಾಸ್ಟಿಕ್ ಹಣ್ಣಿನ ಕ್ರೇಟು ಯಾವುದಾದರೂ ಆದೀತು, ಅಡಿಯಿಂದ ಗಾಳಿ ಬರಬೇಕು. ಒಂದೇ ಪದರ. ಮುಚ್ಚಿದ ಪ್ಲಾಸ್ಟಿಕ್ ಚೀಲ ಯಾವ ಕಾರಣಕ್ಕೂ ಬೇಡ.

ಕರಾವಳಿ, ಮಲೆನಾಡಿನ ಮಳೆಗಾಲದ ತೇವಕ್ಕೆ ನಮ್ಮಲ್ಲಿರುವ ಒಳ್ಳೆಯ ಉತ್ತರ ನೇತು ಹಾಕುವುದೇ. ಬೇಸಿಗೆಯ ಗದ್ದೆಯಲ್ಲಿ ಬೆಳೆದ ಕುಂಬಳ, ಸಾಂಬಾರುಸೌತೆಗಳನ್ನು ಬಾಳೆನಾರು ಅಥವಾ ತೆಂಗಿನ ಗರಿಯಲ್ಲಿ ಕಟ್ಟಿ ಪಕ್ಕಾಸಿಗೆ ತೂಗಿಬಿಟ್ಟರೆ ನಾಲ್ಕೂ ಕಡೆ ಗಾಳಿ, ಒಂದಕ್ಕೊಂದು ತಾಗುವುದಿಲ್ಲ, ಇಲಿಗೂ ಸುಲಭವಲ್ಲ. ಭಾರ ತೊಟ್ಟಿನ ಮೇಲೆ ಬೀಳಬಾರದು, ಕಾಯಿ ನೆಲುವಿನಲ್ಲಿ ಕೂರಬೇಕು. ಬಾಳೆನಾರು ಸಿಗದ ಊರಿನಲ್ಲಿ ಈರುಳ್ಳಿಯ ಬಲೆಚೀಲ ಸಾಕು, ಒಂದು ಚೀಲಕ್ಕೆ ಒಂದೇ ಕಾಯಿ.

ಅದೇ ಅಟ್ಟದಲ್ಲಿ ಮಾವು ಅಡೆ ಹಾಕಿದ್ದೀರಾ, ಬಾಳೆಗೊನೆ ತೂಗಿದ್ದೀರಾ ಎಂದೂ ನೋಡಿ. ಹಣ್ಣಾಗುವಾಗ ಅವು ಬಿಡುವ ಎಥಿಲೀನ್ ಅನಿಲಕ್ಕೆ ಕುಂಬಳದ ತೊಟ್ಟು ಸಡಿಲವಾಗುತ್ತದೆ, ಹಸಿರು ಮೈ ಹಳದಿಗೆ ತಿರುಗುತ್ತದೆ. ಮೇ ತಿಂಗಳಲ್ಲಿ ಎರಡೂ ಬೆಳೆ ಒಟ್ಟಿಗೆ ಬರುವುದರಿಂದ ಈ ತಪ್ಪು ಬಹಳ ಮನೆಗಳಲ್ಲಿ ಗೊತ್ತಾಗದೇ ನಡೆಯುತ್ತದೆ. ಬೇರೆ ಕೋಣೆಯೇ ಬೇಕು.

ವಾರಕ್ಕೊಮ್ಮೆ ಪ್ರತಿ ಕಾಯಿಯ ತೊಟ್ಟಿನ ಸುತ್ತ ಮತ್ತು ಅಡಿಯನ್ನು ಬೆರಳಿನಿಂದ ಒತ್ತಿ, ಮೂಸಿ ನೋಡಿ. ಮೆತ್ತಗಾದದ್ದು ಸಿಕ್ಕರೆ ಅದನ್ನಷ್ಟೇ ತೆಗೆದು ಸುಮ್ಮನಾಗದೆ, ತಾಗಿಕೊಂಡಿದ್ದ ಜಾಗವನ್ನೂ ಒರೆಸಿ ಒಣಗಿಸಿ.

ಕಹಿ ಇದ್ದರೆ

ಇದೊಂದರಲ್ಲಿ ಉಳಿಸಿಕೊಳ್ಳುವ ಯೋಚನೆಯೇ ಬೇಡ. ನೋಡಲು ಎಲ್ಲ ಸರಿಯಿದ್ದು, ಹಸಿ ತಿರುಳಿನ ಸಣ್ಣ ಚೂರನ್ನು ನಾಲಿಗೆಗೆ ತಾಗಿಸಿದಾಗ ಕಹಿ ಎನಿಸಿದರೆ ಉಗುಳಿ, ಇಡೀ ಕಾಯಿ ಬಿಸಾಡಿ. ಅದು ಕುಕರ್ಬಿಟಾಸಿನ್ ಎಂಬ ವಿಷ, ವಾಂತಿ-ಭೇದಿ ತರುತ್ತದೆ, ಬೇಯಿಸಿದರೆ ಹೋಗುವುದಿಲ್ಲ, ಬೆಲ್ಲ ಹಾಕಿದರೆ ಮರೆಯಾಗುತ್ತದೆ ಅಷ್ಟೇ. ತಾನಾಗಿ ತಿಪ್ಪೆಯಲ್ಲಿ ಹುಟ್ಟಿದ ಬಳ್ಳಿಯಲ್ಲಿ, ಕಾಡು ಅಥವಾ ಅಲಂಕಾರದ ಕುಂಬಳಗಳ ಪರಾಗ ಬೆರೆತ ಬೀಜದ ಬಳ್ಳಿಯಲ್ಲಿ ಇದರ ಸಾಧ್ಯತೆ ಹೆಚ್ಚು. ಪರಾಗ ಬೆರೆತ ವರ್ಷದ ಕಾಯಿಯಲ್ಲಿ ರುಚಿ ಬದಲಾಗುವುದಿಲ್ಲ, ಆ ಕಾಯಿಯ ಬೀಜ ಹಾಕಿದ ಮುಂದಿನ ವರ್ಷ ಗೊತ್ತಾಗುತ್ತದೆ. ಕಹಿ ಬಂದ ಬಳ್ಳಿಯ ಉಳಿದ ಕಾಯಿಗಳನ್ನು ಅಡುಗೆಗೂ ದನಕ್ಕೂ ಹಾಕಬೇಡಿ. ಅದರ ಬೀಜ ಎತ್ತಿಡಬೇಡಿ. ಈ ಬಳ್ಳಿಗೆ ಬೀಜ ಕೊಟ್ಟ ಹಿಂದಿನ ವರ್ಷದ ಕಾಯಿಯಿಂದ ತೆಗೆದಿಟ್ಟ ಬೀಜದ ಪೊಟ್ಟಣ ಇನ್ನೂ ಉಳಿದಿದ್ದರೆ ಬಿಸಾಡಿ, ನೆರೆಯವರಿಗೆ ಹಂಚಿದ್ದರೆ ಅವರಿಗೂ ಇವತ್ತೇ ತಿಳಿಸಿ.